ಮುಕ್ಕಾಲು ಪದ್ಯ

ನನ್ನ ಗಂಡ ಓದಿದ ಕಾಲೇಜಿಗೆ ನಾನು ಕಾಲಿಟ್ಟದ್ದು ಒಂದೇ ಸಲ. ಅದೂ ಅವರು ತೀರಿಕೊಂಡು ಹದಿನೇಳು ದಿನ ಆದ ಮೇಲೆ. ಆದರೆ ಅದಕ್ಕೂ ಮೊದಲು ಇಪ್ಪತ್ತಾರು ವರ್ಷ, ಇಲ್ಲಿ ಬಹ್ರೇನಿನ ಮಾಹೂಝ್‌ನಲ್ಲಿ, ನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ, ನಾನು ಆ ಕಾಲೇಜಿನ ಹಾಸ್ಟೆಲಿನಲ್ಲೇ ಸಂಸಾರ ಮಾಡಿದೆ ಎನ್ನಬಹುದು. ಅಲ್ಲಿನ ಗಂಟೆ ಎಷ್ಟು ಹೊತ್ತಿಗೆ ಹೊಡೆಯುತ್ತಿತ್ತು, ಮರದ ಮೆಟ್ಟಿಲಿನ ಎಷ್ಟನೆಯ ಹಲಗೆ ಕಿರುಗುಟ್ಟುತ್ತಿತ್ತು, ಕನ್ನಡದ ಲೆಕ್ಚರರು ನಶ್ಯದ ಡಬ್ಬಿಯನ್ನು ಯಾವ ಕಿಸೆಯಲ್ಲಿ ಇಡುತ್ತಿದ್ದರು, ಎಲ್ಲವೂ ನನಗೆ ಗೊತ್ತಿತ್ತು. ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಆಮೇಲೆ ಹೊಲಿಗೆ ಕಲಿತೆ. ಈಗಲೂ ಹೂರಾದ ಒಂದು ಹೊಲಿಗೆ ಅಂಗಡಿಯಲ್ಲಿ ಇಲ್ಲಿನ ಹೆಂಗಸರು ತೊಡುವ ಕಪ್ಪು ಅಬಾಯದ ಅಂಚು ಮಡಚುವುದು, ಶಾಲೆಯ ಯೂನಿಫಾರ್ಮ್ ಬಿಗಿ ಮಾಡುವುದು, ಸಡಿಲ ಮಾಡುವುದು ನನ್ನ ಕೆಲಸ.

ಅವರ ಕಾಲೇಜು ನಮ್ಮ ಕರಾವಳಿಯಲ್ಲಿದೆ. ಅದನ್ನು ಕಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕೆಂಪುಕಲ್ಲಿನ ದಪ್ಪ ಗೋಡೆ, ಎತ್ತರದ ಕಮಾನು, ಮಾತಾಡಿದರೆ ಎರಡು ಸಲ ಕೇಳುವ ಜಗಲಿ. ‘ಅಲ್ಲಿ ಪಾಠ ಒಂದು ಸಲ ಕೇಳಿದ್ರೆ ಸಾಕು, ಗೋಡೆ ರಿವಿಷನ್ ಮಾಡಿಸ್ತದೆ’ ಎಂದು ಇವರು ಹೇಳುತ್ತಿದ್ದರು. ಇವರಿಗೆ ಎಲ್ಲವೂ ತಮಾಷೆಯೇ. ಆದರೆ ಹಾಸ್ಟೆಲಿನ ಪದ್ಯದ ವಿಷಯ ಬಂದರೆ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

ಆ ಹಾಸ್ಟೆಲಿನಲ್ಲಿ ತಲೆಮಾರುಗಳಿಂದ ಬಂದ ಒಂದು ಪದ್ಧತಿ ಇತ್ತಂತೆ. ಮಧ್ಯಾಹ್ನದ ಊಟದ ಪಂಕ್ತಿಯಲ್ಲಿ ಒಬ್ಬ ಇನ್ನೊಬ್ಬನ ಮೇಲೆ ತಮಾಷೆಯ ಪದ್ಯ ಕಟ್ಟಿ ಹೇಳಬಹುದು. ಆದರೆ ಮೂರೇ ಸಾಲು. ನಾಲ್ಕನೆಯ ಸಾಲಿನ ಹಕ್ಕು ಯಾರನ್ನು ಗೇಲಿ ಮಾಡಿದ್ದೋ ಅವನದು. ಅವನು ಕೈ ತೊಳೆಯುವುದರೊಳಗೆ ಅದನ್ನು ಹೇಳಬೇಕು, ಇಲ್ಲದಿದ್ದರೆ ಇಡೀ ಪಂಕ್ತಿಗೆ ನೀರು ಬಡಿಸಬೇಕು. ಮೂರು ಸಾಲಿಗೆ ‘ಮುಕ್ಕಾಲು’ ಎಂದು ಹೆಸರು, ನಾಲ್ಕನೆಯದಕ್ಕೆ ‘ಕಾಲು’. ಒಬ್ಬನ ಮನೆಯಲ್ಲಿ ತುಳು, ಒಬ್ಬನ ಮನೆಯಲ್ಲಿ ಕೊಂಕಣಿ, ಇನ್ನೊಬ್ಬನದು ಬ್ಯಾರಿ, ಮತ್ತೊಬ್ಬ ಕೊಡಗಿನವನು. ಹಾಗಾಗಿ ಬೈಗುಳ ಯಾವ ಭಾಷೆಯಲ್ಲಾದರೂ ಇರಲಿ, ಪದ್ಯ ಕನ್ನಡದಲ್ಲಿ.

ನನ್ನ ಗಂಡ ಸೇರಿದ ಮೊದಲ ತಿಂಗಳೇ ಅಡುಗೆ ಭಟ್ಟರ ಮೇಲೆ ಕೈ ಇಟ್ಟರಂತೆ:

ಹಾಸ್ಟೆಲಿನ ಸಾರಿನಲಿ ಮುಳುಗಿದೆನು ಮೂರು ಸಲ,
ಹೇಸದೆಯೆ ಹುಡುಕಿದೆನು ಪಾತ್ರೆ ತಳತನಕ;
ಬೇಳೆಯೊಂದರ ಸುಳಿವು ಎಲ್ಲಿಯೂ ಸಿಗಲಿಲ್ಲ

ಭಟ್ಟರು ಸೌಟು ಹಿಡಿದುಕೊಂಡು ಸಾಲಿನ ತುದಿಯಿಂದಲೇ ಹೇಳಿದರಂತೆ:

ಬೇಳೆ ಕಾಣದ ಕಣ್ಣಿಗಿರಲಿ ಕನ್ನಡಕ.

‘ಶಾಲೆಗೆ ಹೋಗದ ಮನುಷ್ಯ ಮಾರಾಯ್ತಿ! ಒಂದು ಮಾತ್ರೆ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ’ ಎಂದು ಇವರು ನನಗೆ ನೂರು ಸಲ ಹೇಳಿರಬಹುದು. ಲೆಕ್ಚರರು ಕೂಡ ಆಟದಿಂದ ಹೊರಗಿರಲಿಲ್ಲ. ಪ್ರತಿ ಪುಟಕ್ಕೂ ‘ಇದು ಮುಖ್ಯ’ ಎನ್ನುತ್ತಿದ್ದ ಆ ನಶ್ಯದ ಲೆಕ್ಚರರನ್ನು ಒಂದು ದಿನ ಹಾಸ್ಟೆಲಿನ ಊಟಕ್ಕೆ ಕರೆದು ಇವರು ಮುಕ್ಕಾಲು ಬಡಿಸಿದರು:

ಪುಟ ಪುಟಕು ‘ಇದು ಮುಖ್ಯ’ ಎನ್ನುವರು ನಮ್ಮ ಗುರು,
ಚಟಚಟನೆ ಗೆರೆಯೆಳೆದು ಸವೆಯಿತೀ ಸೀಸ;
ದಿಟವಾಗಿ ಮುಖ್ಯವಲ್ಲದುದೊಂದು ತೋರಿರೈ

ಲೆಕ್ಚರರು ಮಜ್ಜಿಗೆ ಕುಡಿದು, ಬಾಯಿ ಒರೆಸಿ, ‘ಪಟುಕವಿಯೆ, ನಿನ್ನ ಈ ಪದ್ಯವಿನ್ಯಾಸ’ ಎಂದು ಎದ್ದು ಹೋದರಂತೆ.

ಈ ಪದ್ಧತಿಗೆ ಇನ್ನೊಂದು ಬಾಲ ಇತ್ತು. ಸಂಜೆಯ ಗಂಟೆ ಹೊಡೆಯುವುದರೊಳಗೆ ಕಾಲು ಬಾರದೆ ಹೋದರೆ ಪಂಕ್ತಿಯಲ್ಲಿ ಎಲ್ಲರಿಗಿಂತ ಹಿರಿಯನಾದವನು ತಾನೇ ಒಂದು ಸಾಲು ಹೇಳಿ ಪದ್ಯವನ್ನು ಮುಚ್ಚಬೇಕು. ಮೂರು ಕಾಲಿನ ಮೇಲೆ ನಿಂತ ಪದ್ಯ ಮಲಗುವುದಿಲ್ಲ, ತಿರುಗಾಡುತ್ತದೆ ಎಂದು ನಂಬಿಕೆ. ಕಾಲೇಜು ಶುರುವಾದ ಹೊಸತರಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಕಾಲು ಹೇಳದೆ ಜ್ವರದಲ್ಲಿ ತೀರಿಕೊಂಡನಂತೆ. ಊಟದ ಮನೆಯ ಕೊನೆಯ ಬೆಂಚಿನ ತುದಿಯನ್ನು ಅವನಿಗೆಂದು ಖಾಲಿ ಬಿಡುತ್ತಿದ್ದರಂತೆ. ‘ಪಾಪ, ನೂರು ವರ್ಷ ಆಯ್ತು, ಅವನಿಗಿನ್ನೂ ಪ್ರಾಸ ಸಿಗಲಿಲ್ಲ’ ಎಂದು ಇವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮದುವೆಯಾಗಿ ನಾನು ಇಲ್ಲಿಗೆ ಬಂದ ವಾರ, ಅವರಿಗೊಂದು ಅಂಗಿ ಹೊಲಿಯೋಣವೆಂದು ಅಳತೆ ತೆಗೆದೆ. ಅವರು ಕೈ ಎರಡೂ ಅಗಲ ಮಾಡಿ ನಿಂತಲ್ಲೇ ಶುರು ಮಾಡಿದರು:

ಅಳತೆ ಪಟ್ಟಿಯ ಹಿಡಿದು ಬಂದಳೀ ಮನೆಯೊಡತಿ,
ಅಳೆದಳೆನ್ನಯ ಹೊಟ್ಟೆ ಎರಡೆರಡು ಸಾರಿ;
ಸುಳಿಯಿತಾ ತುಟಿಯಲ್ಲಿ ಲೆಕ್ಕದೊಂದಿಣುಕು ನಗೆ

ನಿಲ್ಲಿಸಿದರು. ನನ್ನನ್ನೇ ನೋಡಿದರು. ನನಗೆ ಅಳು ಬರುವಷ್ಟು ನಾಚಿಕೆ. ಪದ್ಯ ಎಂದರೆ ಪುಸ್ತಕದಲ್ಲಿ ಇರುವುದು, ಬಾಯಿಪಾಠ ಬಾರದೆ ಪೆಟ್ಟು ತಿನ್ನಿಸುವುದು ಎಂದಷ್ಟೇ ನನಗೆ ಗೊತ್ತು. ಕೊನೆಗೆ ಬಾಯಿಗೆ ಬಂದದ್ದನ್ನು ಹೇಳಿದೆ: ‘ಇಷ್ಟು ಬಟ್ಟೆಯಲ್ಲಿ ಅಂಗಿ ಆಗ್ತದೆ, ತೋಳು ಬರುದಿಲ್ಲ ಮಾರಾಯ್ರೆ.’

ಅವರು ನೆಲಕ್ಕೆ ಕೂತು ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು, ‘ಕಾಲು ಸರಿಯಾಗಿಯೇ ಉಂಟು. ಅಳತೆ ಮಾತ್ರ ಸ್ವಲ್ಪ ಉದ್ದ.’

‘ಉದ್ದ ಇದ್ರೆ ಕೊಡಿ, ಮಡಚಿ ಹೊಲಿದು ಕೊಡ್ತೇನೆ’ ಎಂದೆ.

ಹೀಗೆ ಶುರುವಾದದ್ದು. ಉಪ್ಪು ಹೆಚ್ಚಾದ ದಿನ, ಮಗಳು ಹುಟ್ಟಿದ ದಿನ, ಮನೆ ಬಾಡಿಗೆ ಏರಿದ ದಿನ, ಅವರು ಮೂರು ಸಾಲು ಹೇಳುತ್ತಿದ್ದರು, ಸುಮ್ಮನಾಗುತ್ತಿದ್ದರು. ಆ ಸುಮ್ಮನಾಗುವುದರಲ್ಲಿ ಒಂದು ಮರ್ಯಾದೆ ಇತ್ತು. ಅವರಿಗಿಂತ ಕಡಿಮೆ ಓದಿದವಳೊಬ್ಬಳು ಏನು ಹೇಳುತ್ತಾಳೆ ಎಂದು ಕಿವಿಗೊಟ್ಟು ನಿಲ್ಲುವ ಮೌನ ಅದು. ನನ್ನ ಒಂದು ಸಾಲೂ ಅಳತೆಗೆ ಕೂತದ್ದಿಲ್ಲ. ಅವರು ಒಂದು ಸಲವೂ ತಿದ್ದಿದ್ದಿಲ್ಲ.

ಆ ಹಾಸ್ಟೆಲಿನವರು ಇಲ್ಲಿ ಇವರೂ ಸೇರಿ ಹದಿನಾಲ್ಕು ಮಂದಿ ಇದ್ದರು. ಬ್ಯಾಂಕಿನವರು, ಹೋಟೆಲಿನವರು, ಸ್ವಂತ ವ್ಯಾಪಾರದವರು. ಎಲ್ಲರಿಗಿಂತ ಹಿರಿಯರನ್ನು ನಾನು ಅಣ್ಣ ಎನ್ನುತ್ತೇನೆ. ಇವರಿಗಿಂತ ನಾಲ್ಕು ವರ್ಷ ಸೀನಿಯರ್, ಇವರಿಗೆ ಇಲ್ಲಿ ಮೊದಲ ಕೆಲಸ ಕೊಡಿಸಿದವರು. ಅವರ ಮನೆಮಾತು ಕೊಂಕಣಿ, ನಮ್ಮದು ತುಳು, ಹಾಗಾಗಿ ನಮ್ಮ ಮಾತು ಕನ್ನಡದಲ್ಲಿ. ಇವರೆಲ್ಲರ ಒಂದು ವಾಟ್ಸಾಪ್ ಗ್ರೂಪ್ ಇದೆ. ಇವರು ಬೆಳಿಗ್ಗೆ ನನಗೆ ಹೇಳಿದ ಮುಕ್ಕಾಲನ್ನು ಲಿಫ್ಟಿನಲ್ಲಿ ಇಳಿಯುತ್ತಾ ಗ್ರೂಪಿಗೂ ವಾಯ್ಸ್ ಮೆಸೇಜ್ ಮಾಡಿ ಕಳಿಸುತ್ತಿದ್ದರು. ಸಂಜೆ ನನ್ನ ಕಾಲು ಹೋಗುತ್ತಿತ್ತು. ನನ್ನನ್ನು ನೋಡದವರಿಗೂ ನನ್ನ ಸಾಲುಗಳು ಗೊತ್ತಿದ್ದವು.

ಮಾರ್ಚ್ ತಿಂಗಳು ನಮಗೆ ಯೂನಿಫಾರ್ಮಿನ ಸೀಸನ್. ಇಂಡಿಯನ್ ಶಾಲೆಗಳು ಏಪ್ರಿಲಿನಲ್ಲಿ ತೆರೆಯುತ್ತವೆ. ಅಂಗಡಿಯಲ್ಲಿ ಮುಗಿಯದ ಕೆಲಸವನ್ನು ನಾನು ಮನೆಗೆ ತರುತ್ತಿದ್ದೆ. ಒಂದು ಸಂಜೆ ಇವರು ನನ್ನನ್ನು ಕರೆದುಕೊಂಡು ಹೋಗಲು ಹೂರಾಕ್ಕೆ ಬಂದರು. ನಾನು ಅಂಗಡಿಯಿಂದ ಹೊರಗೆ ಬಂದರೆ ಕಾರಿದೆ, ಮನುಷ್ಯ ಇಲ್ಲ. ನೋಡಿದರೆ ಎದುರಿನ ಚಾ ಅಂಗಡಿಯಲ್ಲಿ ನಿಂತು ಎರಡನೆಯ ಬನ್ಸ್ ತಿನ್ನುತ್ತಿದ್ದಾರೆ. ಎಣ್ಣೆಯದ್ದು, ಸಕ್ಕರೆಯದ್ದು ಮುಟ್ಟಬಾರದು ಎಂದು ಡಾಕ್ಟರು ಹೇಳಿ ಒಂದು ವಾರ ಆಗಿತ್ತು.

‘ಬಾಳೆಹಣ್ಣಿನದ್ದು, ಆರೋಗ್ಯಕ್ಕೆ ಒಳ್ಳೇದು’ ಎಂದರು.

ನಾನು ಮಾತು ಬಿಟ್ಟೆ. ಮನೆಗೆ ಬಂದರೂ ಮಾತಿಲ್ಲ. ಮರುದಿನ ಬೆಳಿಗ್ಗೆ ಚಹಾ ಮಾಡಲಿಲ್ಲ. ಹಾಲ್‌ನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಮೆಷಿನ್ ತುಳಿಯುತ್ತಾ ಕೂತೆ. ನನಗೆ ಮೋಟಾರಿನದ್ದಕ್ಕಿಂತ ಕಾಲಿನಿಂದ ತುಳಿಯುವ ಮೆಷಿನ್ನೇ ಅಭ್ಯಾಸ. ಬೆನ್ನ ಹಿಂದೆ, ಬಾಗಿಲ ಹತ್ತಿರ, ಅವರು ಶೂ ಹಾಕಿಕೊಂಡು ಗಂಟಲು ಸರಿಮಾಡಿದರು:

ಮುನಿದ ಮಡದಿಯ ಮುಂದೆ ನಿಂತಿಹೆನು ಮುಂಜಾನೆ,
ದಿನದ ಚಹ ಬಂದಿಲ್ಲ, ಮಾತುಕತೆ ಇಲ್ಲ;
ಕನಿಕರದ ನುಡಿಯೊಂದನಾಡಿದರೆ ಹೊರಡುವೆನು

ಆಮೇಲೆ ಆ ಮೌನ.

ನಾನು ತಿರುಗಲಿಲ್ಲ. ಮೆಷಿನ್ ನಿಲ್ಲಿಸಲಿಲ್ಲ. ‘ಪೋಲೆ, ಪೊರ್ತಾಂಡ್’ ಎಂದೆ. ಹೋಗಿ, ಹೊತ್ತಾಯಿತು ಎಂದು ಅರ್ಥ. ತುಳುವಿನಲ್ಲಿ ಹೇಳಿದೆ, ಕನ್ನಡದಲ್ಲಿ ಅಲ್ಲ. ಪದ್ಯಕ್ಕೆ ಕಾಲು ಎಂದು ಹೇಳಿದ್ದಲ್ಲ. ಹೋಗಲಿ ಎಂದೇ ಹೇಳಿದ್ದು.

ಬಾಗಿಲು ಮುಚ್ಚಿತು. ಹೊಲಿಗೆಯ ಸಾಲು ಮುಗಿದು ಮೆಷಿನ್ ನಿಂತಾಗ ಲಿಫ್ಟ್ ಬಂದ ಸದ್ದು ಕೇಳಿಸಿತು. ಲಿಫ್ಟಿನಲ್ಲಿ ಅವರು ಎಂದಿನ ಹಾಗೆ ಗ್ರೂಪಿಗೆ ಮೂರು ಸಾಲು ಹೇಳಿ, ಕೊನೆಗೆ ‘ಕಾಲು ಸಂಜೆ ಸಿಗ್ತದೆ, ಕಾಯಿರಿ’ ಎಂದಿದ್ದಾರೆ. ಸೀಫ್‌ನ ಆಫೀಸಿನಲ್ಲಿ, ಹನ್ನೊಂದೂವರೆಯ ಹೊತ್ತಿಗೆ, ಕುರ್ಚಿಯಲ್ಲೇ ಒರಗಿದರು. ಆಸ್ಪತ್ರೆಗೆ ನಾನು ಮುಟ್ಟುವಾಗ ಮುಗಿದಿತ್ತು. ಕಂಪನಿಯ ಕಾಗದಪತ್ರ ನೋಡುವ ಮಂದೂಬ್ ಒಂದರ ಮೇಲೊಂದು ಕಾಗದ ಇಟ್ಟು ಸಹಿ ತೋರಿಸಿದ. ನನ್ನ ಹೆಬ್ಬೆರಳಿಗೆ ಮೆಷಿನ್ನಿನ ಎಣ್ಣೆ ಅಂಟಿತ್ತು. ಕಾಗದಕ್ಕೆ ಹತ್ತಿತು. ಅವನು ಕಿಸೆಯಿಂದ ಟಿಶ್ಯೂ ತೆಗೆದು ಕೊಟ್ಟ.

ಅವರನ್ನು ಊರಿಗೆ ತಂದು, ಅಲ್ಲಿ ಕ್ರಿಯೆಯೆಲ್ಲ ಮುಗಿದ ಮೇಲೆ ಮಗಳನ್ನು ಕರೆದುಕೊಂಡು ಕಾಲೇಜಿಗೆ ಹೋದೆ. ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿಯಾಗಿತ್ತು. ಆಫೀಸಿನ ಕ್ಲಾರ್ಕ್ ಒಬ್ಬರು ಬೀಗ ತೆಗೆದು ಊಟದ ಮನೆ ತೋರಿಸಿದರು. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಮೆಟ್ಟಿಲು ಸಿಮೆಂಟಿನದ್ದಾಗಿತ್ತು. ಗೋಡೆಯ ಕೆಂಪುಕಲ್ಲಿನ ಮೇಲೆ ತೆಳು ಹಸಿರು ಬಣ್ಣ. ನಾನು ಮುಕ್ಕಾಲಿನ ಬಗ್ಗೆ ಕೇಳಿದೆ.

‘ಎಂತ ಪದ್ಯ ಅಮ್ಮ?’ ಎಂದರು ಕ್ಲಾರ್ಕ್. ‘ಈಗ ಊಟಕ್ಕೆ ಕೂತ್ರೆ ಒಬ್ಬರ ಮುಖ ಒಬ್ಬರು ನೋಡುದಿಲ್ಲ. ಒಂದು ಕೈಲಿ ಅನ್ನ, ಒಂದು ಕೈಲಿ ಮೊಬೈಲ್.’

ಅಂದರೆ ಅದು ಅಲ್ಲಿ ಸತ್ತು ಎಷ್ಟೋ ಕಾಲವಾಗಿತ್ತು. ಬದುಕಿದ್ದದ್ದು ನಮ್ಮ ಫ್ಲ್ಯಾಟಿನಲ್ಲಿ ಮಾತ್ರ. ಕೊನೆಯ ಬೆಂಚಿನ ತುದಿಯಲ್ಲಿ ನಾನು ಸ್ವಲ್ಪ ಹೊತ್ತು ಕೂತೆ. ಅಲ್ಲಿ ಕೂತರೆ ಇಡೀ ಊಟದ ಮನೆ ಕಾಣುತ್ತದೆ, ಬಾಗಿಲಿಂದ ಬಂದವರಿಗೆ ಮಾತ್ರ ನಾವು ಕಾಣುವುದಿಲ್ಲ, ಕಂಬ ಅಡ್ಡ ಬರುತ್ತದೆ. ಆ ಜ್ವರದ ಹುಡುಗ ಉತ್ತರ ಕೊಡಬೇಕಾಗಿದ್ದವನು, ಅವನೇ ಸತ್ತ. ನಮ್ಮಲ್ಲಿ ಉತ್ತರ ಕೊಡಬೇಕಾಗಿದ್ದವಳು ಬದುಕಿ ಬೆಂಚಿನ ಮೇಲೆ ಕೂತಿದ್ದಳು.

ಮಗಳಿಗೆ ಇಲ್ಲಿ ಕೆಲಸ ಇದೆ. ನನ್ನ ವೀಸಾವನ್ನು ಅಂಗಡಿಯವರು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಮರಳಿ ಬಂದೆವು. ಬಂದ ಮರುದಿನ ಬೆಳಿಗ್ಗೆ, ನಾನು ಸೂಜಿಗೆ ನೂಲು ಪೋಣಿಸುತ್ತಿರುವಾಗ, ಬೆನ್ನ ಹಿಂದೆ ಗಂಟಲು ಸರಿಮಾಡಿದ ಸದ್ದು. ಮೂರು ಸಾಲು. ಆಮೇಲೆ ಮೌನ. ಕನಸಲ್ಲ, ಸೂಜಿ ಕೈಯಲ್ಲೇ ಇತ್ತು. ದೆವ್ವ ಎನ್ನಲು ನನಗೆ ಬಾಯಿ ಬರುವುದಿಲ್ಲ, ಸ್ವಂತ ಗಂಡನನ್ನು ಹಾಗೆ ಹೇಗೆ ಕರೆಯುವುದು? ಅದು ದಿನಾ ಬರತೊಡಗಿತು. ಅಂಗಡಿಗೆ ಹೊರಡುವ ಹೊತ್ತಿಗೆ, ಬಾಗಿಲ ಹತ್ತಿರ. ಸಾಲುಗಳು ನನಗೆ ಬಾಯಿಪಾಠ ಇರುವುದರಿಂದ ಕೇಳುತ್ತದೆ ಎಂದು ಮೊದಲು ಅಂದುಕೊಂಡೆ. ಆದರೆ ಹೆದರಿಕೆ ಸಾಲುಗಳದ್ದಲ್ಲ. ಅವು ಮುಗಿದ ಮೇಲೆ ಯಾರೋ ಕಿವಿಗೊಟ್ಟು ನಿಂತಿರುತ್ತಾರಲ್ಲ, ಅದರದ್ದು.

ಏನಾದರೂ ಹೇಳಲು ನೋಡಿದೆ. ‘ಚಹಾ ಇಡ್ತೇನೆ, ಕೂತುಕೊಳ್ಳಿ.’ ‘ತಪ್ಪಾಯ್ತು.’ ‘ಬನ್ಸ್ ತಿಂದರೆ ತಿನ್ನಿ.’ ಒಂದೂ ಕಾಲು ಆಗಲಿಲ್ಲ. ಎಲ್ಲವೂ ನೆಪದ ಹಾಗೆ ಕೇಳಿಸಿತು. ಕೇಳಿದವರಿಗೆಲ್ಲ ನಾನು ಹೇಳಿದ್ದೂ ಒಂದೇ: ಆ ದಿನ ನಾನು ಏನೂ ಮಾತಾಡಲಿಲ್ಲ, ಮುನಿಸಿನಲ್ಲಿದ್ದೆ. ಏನೂ ಹೇಳದವಳ ಮೇಲೆ ಜನರಿಗೆ ಮರುಕ. ‘ಹೋಗಿ’ ಎಂದವಳ ಮೇಲೆ ಏನು ಬರುತ್ತದೋ ನನಗೆ ಗೊತ್ತಿರಲಿಲ್ಲ.

ಜುಲೈಯಲ್ಲಿ ಅಣ್ಣ ಮನೆಗೆ ಬಂದರು. ಕೈಯಲ್ಲಿ ಕಂದು ಕಾಗದ ಸುತ್ತಿದ ಚೌಕಟ್ಟು. ಮುಂದಿನ ಶುಕ್ರವಾರ ಇಲ್ಲಿನ ಕನ್ನಡದವರ ಸಂಘದ ಹಾಲ್‌ನಲ್ಲಿ ಇವರ ನೆನಪಿನ ಸಭೆ, ಅಲ್ಲಿ ಈ ಫೋಟೊ ಗೋಡೆಗೆ ಹಾಕುವುದೆಂದು ತೀರ್ಮಾನ. ಕಾಗದ ಬಿಡಿಸಿದರು. ಇವರ ನಗುವ ಮುಖ. ಕೆಳಗೆ ಆ ಮೂರು ಸಾಲು. ಅದರ ಕೆಳಗೆ ನಾಲ್ಕನೆಯದು:

ಇನಿಯೆ, ನೀನಿರದಿರುವ ಸ್ವರ್ಗ ಬೇಕಿಲ್ಲ.

‘ನಾನು ಕಟ್ಟಿದ್ದು’ ಎಂದರು ಅಣ್ಣ, ಸ್ವಲ್ಪ ಸಂಕೋಚದಿಂದ. ‘ನಿನ್ನ ಹಕ್ಕು ಅದು, ಗೊತ್ತುಂಟು ತಂಗಿ. ಆದ್ರೆ ನಿನ್ನಿಂದ ಆಗ್ಲಿಲ್ಲ. ಅವ ಸಂಜೆ ಅಂತ ಹೇಳಿದ್ದ. ಸಂಜೆ ದಾಟಿತಲ್ಲ? ಹಿರಿಯ ಮುಚ್ಚಬೇಕು. ಮುಕ್ಕಾಲಿನಲ್ಲೇ ಬಿಟ್ರೆ ಅವನಿಗೂ ಒಳ್ಳೇದಲ್ಲ, ನಿನಗೂ ಅಲ್ಲ.’

‘ಚಂದ ಉಂಟು ಅಣ್ಣ’ ಎಂದೆ.

‘ಸುಳ್ಳು ಹೇಳ್ಬೇಡ. ನಾನು ಬರೆದದ್ದನ್ನು ಅವ ಯಾವಾಗಲೂ ಮದುವೆ ಕಾಗದದ ಪದ್ಯ ಅಂತ ತಮಾಷೆ ಮಾಡ್ತಿದ್ದ’ ಎಂದು ನಗಲು ಹೋಗಿ ಕನ್ನಡಕ ತೆಗೆದು ಒರೆಸಿಕೊಂಡರು.

ಅವರು ಹೋದ ಮೇಲೆ ಚೌಕಟ್ಟಿಲ್ಲದೆಯೂ ಆ ಸಾಲು ಮನೆಯಲ್ಲಿ ಉಳಿಯಿತು. ಅಳತೆಗೆ ಸರಿಯಾಗಿತ್ತು, ಪ್ರಾಸವೂ ಇತ್ತು. ಆದರೆ ಅದು ಇವರ ಬಾಯಲ್ಲಿ ಇಟ್ಟ ಮಾತು. ಇವರು ನನಗೆ ಇನಿಯೆ ಎಂದದ್ದೇ ಇಲ್ಲ. ಕೇಳಿದ್ದು ಒಂದು ಕನಿಕರದ ಮಾತು, ಸ್ವರ್ಗದ ಸುದ್ದಿ ಎತ್ತಿರಲೇ ಇಲ್ಲ. ಅದು ಗೋಡೆಗೆ ಹೋದರೆ ನಾನು ಆಡಿದ್ದು ಯಾರಿಗೂ ಗೊತ್ತಾಗದ ಹಾಗೆ ಉಳಿಯುತ್ತದೆ. ಅದೇ ಸಮಾಧಾನ ಎಂದು ಒಂದು ಮನಸ್ಸು ಹೇಳುತ್ತಿತ್ತು. ಹಾಗೆ ಮುಚ್ಚಿಬಿಟ್ಟರೆ ನಾಳೆ ಬೆಳಿಗ್ಗೆ ಬಾಗಿಲ ಹತ್ತಿರ ನಿಂತವರಿಗೆ ನಾನು ಯಾರು ಎಂದು ಇನ್ನೊಂದು ಮನಸ್ಸು. ನಮ್ಮ ನಡುವೆ ಆಡಿದ ಕೊನೆಯ ಮಾತು ಅದು. ಕೆಟ್ಟದ್ದೇ ಇರಲಿ, ಅವರಿಗೆ ನಾನು ಕೊಟ್ಟದ್ದು ಅದು. ಅದನ್ನೂ ಬಿಟ್ಟುಕೊಟ್ಟರೆ ಆ ಬೆಳಿಗ್ಗೆ ನಾನು ಅಲ್ಲಿ ಇರಲೇ ಇಲ್ಲ ಎಂದಾಗುತ್ತದೆ.

ಗುರುವಾರ ಮಗಳಿಗೆ ಹೇಳಿದೆ. ಅವಳಿಗೆ ಇಂಗ್ಲಿಷೇ ಹತ್ತಿರ, ಕನ್ನಡ ಓದಲು ಬಾರದು.

‘ಅಂಕಲ್ ಬರೆದದ್ದು ನೈಸ್ ಆಗಿ ಉಂಟಲ್ಲ ಅಮ್ಮ. ಯಾಕೆ ಪ್ರಾಬ್ಲೆಮ್ ಮಾಡ್ತೀ?’

‘ಚೌಕಟ್ಟಿನಲ್ಲಿ ಇರುದು ನಿನ್ನ ಪಪ್ಪನ ಸ್ವರ ಅಲ್ಲ.’

‘ಪಪ್ಪನ ಸ್ವರ ನನ್ನ ಫೋನಿನಲ್ಲಿ ಉಂಟು. ಬೇಕಾ?’

‘ಬೇಡ’ ಎಂದೆ. ಅವಳು ಫೋನ್ ಕೆಳಗಿಟ್ಟಳು. ನನಗೆ ಅದು ದಿನಾ ಕೇಳುತ್ತದೆ ಎಂದು ಅವಳಿಗೆ ಹೇಳಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಹಾಲ್‌ನಲ್ಲಿ ಸುಮಾರು ನಲವತ್ತು ಜನ. ಹೊರಗೆ ನಿಲ್ಲಲಾಗದ ಸೆಕೆ, ಒಳಗೆ ಎ.ಸಿ.ಯ ಗುರ್ ಎಂಬ ಸದ್ದು. ಊಟದ ಉದ್ದ ಮೇಜುಗಳನ್ನು ಆಗಲೇ ಜೋಡಿಸಿಟ್ಟಿದ್ದರು. ಹಾಸ್ಟೆಲಿನವರು ಒಂದೇ ಮೇಜಿನ ಸುತ್ತ ಕೂತಿದ್ದರು, ಈಗ ಹದಿಮೂರು ಜನ. ಅಣ್ಣ ನಾಲ್ಕು ಮಾತಾಡಿ ಚೌಕಟ್ಟಿನ ಮೇಲಿನ ಬಟ್ಟೆ ಸರಿಸಲು ನನ್ನನ್ನು ಕರೆದರು. ‘ತಂಗಿಯೇ ಓದಲಿ’ ಎಂದು ಮೈಕ್ ಕೊಟ್ಟರು.

ಮೂರು ಸಾಲು ಓದಿದೆ. ನಾಲ್ಕನೆಯದು ಕಣ್ಣೆದುರೇ ಇತ್ತು. ಓದಿದ್ದರೆ ಆಗಿಹೋಗುತ್ತಿತ್ತು.

‘ಕಾಲು ಇದಲ್ಲ ಅಣ್ಣ’ ಎಂದೆ. ಮೈಕಿನಲ್ಲಿ ನನ್ನ ಸ್ವರ ಬೇರೆ ಯಾರದ್ದೋ ಹಾಗೆ ಕೇಳಿಸಿತು. ‘ಆ ದಿನ ನಾನು ಸುಮ್ಮನೆ ಇರ್ಲಿಲ್ಲ. ಎಲ್ಲರಿಗೂ ಸುಳ್ಳು ಹೇಳಿದ್ದೇನೆ. ಅವರು ಹೀಗೆ ಕೇಳಿ ನಿಂತರು. ನಾನು ತಿರುಗಿಯೂ ನೋಡದೆ ಪೋಲೆ, ಪೊರ್ತಾಂಡ್ ಅಂತ ಹೇಳಿದೆ.’

ತುಳು ಬಾರದ ಒಬ್ಬರಿಗೆ ಪಕ್ಕದವರು ಮೆಲ್ಲಗೆ ಅರ್ಥ ಹೇಳಿದ್ದು ಕೇಳಿಸಿತು.

ಆಮೇಲೆ ಹಾಸ್ಟೆಲಿನವರ ಮೇಜಿನ ಮೇಲೆ ದಡ್ ಎಂದು ಒಂದು ಪೆಟ್ಟು. ಹೋಟೆಲಿನಲ್ಲಿ ಕೆಲಸ ಮಾಡುವವರೊಬ್ಬರು ಅಂಗೈಯಿಂದ ಮೇಜು ಬಡಿದಿದ್ದರು. ಬಡಿದ ಮೇಲೆ ತಮ್ಮ ಕೈಯನ್ನೇ ಗಾಬರಿಯಿಂದ ನೋಡಿದರು. ‘ರೀ! ಎಂತ ಮಾಡ್ತೀರಿ?’ ಎಂದು ಅವರ ಹೆಂಡತಿ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಇನ್ನೊಬ್ಬರು ಬಡಿದರು. ಮತ್ತೊಬ್ಬರು. ಕಾಲು ಸರಿಯಾಗಿ ಬಿದ್ದಾಗ ಊಟದ ಮನೆಯಲ್ಲಿ ಹೀಗೆ ಬಡಿಯುತ್ತಿದ್ದರಂತೆ. ಇಪ್ಪತ್ತಾರು ವರ್ಷದಲ್ಲಿ ಇವರು ಅದನ್ನು ನನಗೆ ಹೇಳಿಯೇ ಇರಲಿಲ್ಲ. ಒಬ್ಬನೇ ಬಡಿದರೆ ಚಂದ ಇಲ್ಲ ಎಂದಿರಬೇಕು. ಐವತ್ತು ದಾಟಿದ ಗಂಡಸರು ಕಣ್ಣೀರು ಒರೆಸುತ್ತಾ ನಗುತ್ತಾ ಮೇಜು ಬಡಿಯುತ್ತಿದ್ದರು. ಇಷ್ಟು ಸದ್ದಿಗೆ ಆ ಮೇಜಿನಿಂದ ಇವರೂ ಎದ್ದು ಬರಬೇಕಿತ್ತು ಎನ್ನಿಸಿತು.

‘ತುಳುವಿನಲ್ಲಿ ಹೇಳಿದ್ರೆ ನಡೆಯುದಿಲ್ಲ, ಕನ್ನಡ ಆಗ್ಬೇಕು’ ಎಂದರು ಒಬ್ಬರು, ಸಭೆ ಯಾವುದೆಂದು ಮರೆತವರ ಹಾಗೆ.

‘ಯಾವನು ಮಾಡಿದ ರೂಲ್? ನಮ್ಮ ಕೊಡಗಿನವ ಇಂಗ್ಲಿಷಿನಲ್ಲಿ ಹೇಳಿರ್ಲಿಲ್ವಾ?’

‘ಹೇಳಿ ನೀರು ಬಡಿಸಿದ.’

‘ನೀರು ಬಡಿಸಿದ್ದು ನೀನು ಮಾರಾಯ! ಬಕೆಟ್ ಕೂಡ ಚೆಲ್ಲಿದ್ದಿ.’

‘ಅವನನ್ನೇ ಕೇಳುವಾ’ ಎಂದು ಯಾರೋ ಹೇಳಿದರು. ಹೇಳಿದ ಮೇಲೆ ಎಲ್ಲರ ಕಣ್ಣೂ ಫೋಟೊದ ಕಡೆ ಹೋಯಿತು.

ಅಣ್ಣ ಚೌಕಟ್ಟನ್ನು ಎತ್ತಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ‘ನನ್ನ ಸಾಲು ವಾಪಸ್’ ಎಂದರು ಮೈಕಿಲ್ಲದೆ. ‘ಕಾಲು ಬಾರದಿದ್ರೆ ಮಾತ್ರ ಹಿರಿಯ ಮುಚ್ಚುದು. ಬಂದಿದೆ.’ ಊಟಕ್ಕೆ ಏಳುವಾಗ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು, ‘ಹೊಸ ಕಾಗದದಲ್ಲಿ ನಿನ್ನ ಮಾತು ಹಾಕಿಸ್ತೇನೆ. ಆಗ್ಬಹುದಾ?’

‘ಹಾಕಿ ಅಣ್ಣ.’

‘ಆದ್ರೆ ತಂಗಿ, ಅವ ಗ್ರೂಪಿನಲ್ಲಿ ಕಾಲು ಸಂಜೆ ಸಿಗ್ತದೆ ಅಂತ ಹೇಳಿದ್ದಲ್ಲ...’

‘ಹೌದು’ ಎಂದೆ. ಅವರು ನನಗೊಂದು ತಟ್ಟೆ ತೆಗೆದು ಕೊಟ್ಟರು.

ಮರಳುವಾಗ ಮಗಳು ಕಾರು ಓಡಿಸುತ್ತಿದ್ದಳು. ಸಿಗ್ನಲಿನಲ್ಲಿ ನಿಂತಾಗ, ರಸ್ತೆಯನ್ನೇ ನೋಡುತ್ತಾ ಕೇಳಿದಳು, ‘ಅಮ್ಮ, ನೀನು ಹಾಗೆ ಹೇಳಿದಾಗ ಪಪ್ಪ ನಕ್ರಾ?’

‘ನನ್ನ ಬೆನ್ನು ಆಚೆ ಇತ್ತು.’

‘ಸೌಂಡ್ ಏನೂ ಕೇಳ್ಲಿಲ್ವಾ?’

‘ಮೆಷಿನ್ ಓಡ್ತಾ ಇತ್ತು ಮಗಾ.’

ಹಸಿರು ದೀಪ ಬಂದರೂ ಸ್ವಲ್ಪ ಹೊತ್ತು ಕಾರು ಹೊರಡಲಿಲ್ಲ, ಹಿಂದಿನವರು ಹಾರ್ನ್ ಹೊಡೆದರು.

ಅವರು ನಕ್ಕಿದ್ದರೆ ಆ ಮಾತನ್ನು ಕಾಲು ಎಂದು ತೆಗೆದುಕೊಂಡಿದ್ದಾರೆ, ಗ್ರೂಪಿನವರನ್ನು ಸಂಜೆಯವರೆಗೆ ಕಾಯಿಸುವುದು ಅವರ ಹಳೆಯ ಆಟ. ನಗದಿದ್ದರೆ ಅದನ್ನು ಲೆಕ್ಕಕ್ಕೇ ಹಿಡಿಯದೆ, ಸಂಜೆ ಒಳ್ಳೆಯ ಮಾತು ಸಿಗುತ್ತದೆ ಎಂದು ನಂಬಿ ಇಳಿದು ಹೋಗಿದ್ದಾರೆ. ಎರಡರಲ್ಲಿ ಯಾವುದೆಂದು ತಿಳಿಯುವ ದಾರಿ ನನಗಿಲ್ಲ. ಹದಿಮೂರು ಜನ ಮೇಜು ಬಡಿದರೂ ಅದು ತಿಳಿಯುವುದಿಲ್ಲ.

ಆ ಶುಕ್ರವಾರದ ನಂತರ ಆ ಸ್ವರ ಬರುವುದು ನಿಲ್ಲಬಹುದು ಎಂದುಕೊಂಡಿದ್ದೆ. ನಿಂತಿಲ್ಲ. ಮೂರು ಸಾಲು, ಆಮೇಲೆ ಆ ಕಿವಿಗೊಟ್ಟ ಮೌನ. ನಾನು ಮೆಷಿನ್ನನ್ನು ಹಾಲ್‌ನ ಇನ್ನೊಂದು ಬದಿಗೆ ಎಳೆದು ಬಾಗಿಲು ಎದುರಿಗೆ ಬರುವ ಹಾಗೆ ಇಟ್ಟಿದ್ದೇನೆ. ಬೆಳಕು ಸಾಲದು, ಕಪ್ಪು ಬಟ್ಟೆಗೆ ಕಪ್ಪು ನೂಲು ಹಾಕುವಾಗ ಕಣ್ಣು ನೋಯುತ್ತದೆ. ಗಂಟಲು ಸರಿಮಾಡಿದ ಸದ್ದು ಕೇಳಿದ ಕೂಡಲೇ ಪೆಡಲಿನಿಂದ ಕಾಲು ತೆಗೆಯುತ್ತೇನೆ, ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸುತ್ತೇನೆ. ಮನೆ ಪೂರ್ತಿ ಸದ್ದಡಗುತ್ತದೆ. ಅವರಿಗೆ ಈಗ ಏನೂ ಉತ್ತರ ಕೊಡುವುದಿಲ್ಲ. ಅವರ ಕಡೆಯಿಂದ ಏನಾದರೂ ಕೇಳುತ್ತದೋ ಎಂದು ಕಾಯುತ್ತೇನೆ.